ಮೊದಲ ಸಲ ಆದಾಯ ತೆರಿಗೆ ರಿಟರ್ನ್ಸ್: ಸಂಬಳದ ಹಿಂದೆ ಒಂದು ಪಹಣಿಯೂ ಇರುವವರಿಗೆ

ದಾವಣಗೆರೆಯ ಆಸ್ಪತ್ರೆಯೊಂದರಲ್ಲಿ ನರ್ಸ್, ಚಿತ್ರದುರ್ಗದ ಖಾಸಗಿ ಶಾಲೆಯಲ್ಲಿ ಶಿಕ್ಷಕ, ಬ್ಯಾಂಕಿನಲ್ಲಿ ಹೊಸದಾಗಿ ಸೇರಿದ ಗುಮಾಸ್ತೆ. ಮೊದಲ ಸಲ ರಿಟರ್ನ್ಸ್ ಸಲ್ಲಿಸಬೇಕು ಎಂದರೆ ಇವರಿಗೆಲ್ಲ ಸಿಗುವ ಸಲಹೆ ಒಂದೇ: ‘ಐಟಿಆರ್-1 (ರಿಟರ್ನ್ಸ್‌ನ ಅತಿ ಸರಳ ಫಾರಂ) ತೆರೆಯಿರಿ, ಎಲ್ಲವೂ ತುಂಬಿಯೇ ಇರುತ್ತದೆ, ಒತ್ತುತ್ತಾ ಹೋಗಿ.’ ಸಂಬಳ ಬಿಟ್ಟು ಬೇರೇನೂ ಇಲ್ಲದವರಿಗೆ ಈ ಸಲಹೆ ಸರಿ. ನಮ್ಮ ಕಡೆ ಹಾಗಿಲ್ಲ. ಚನ್ನಗಿರಿಯಲ್ಲಿ ಎರಡು ಎಕರೆ ಅಡಿಕೆ, ಹರಿಹರದ ಕಡೆ ಭದ್ರಾ ನಾಲೆಯ ಗದ್ದೆ, ಚಳ್ಳಕೆರೆಯಲ್ಲಿ ಶೇಂಗಾ, ಸೌಹಾರ್ದ ಸಹಕಾರಿಯಲ್ಲಿ ಒಂದು ಠೇವಣಿ. ಸಂಬಳದ ಹಿಂದೆ ಇಂಥದ್ದೇನಾದರೂ ಇದ್ದೇ ಇರುತ್ತದೆ. ಕಂಪ್ಯೂಟರ್ ತಾನಾಗಿ ತುಂಬಿಕೊಡುವ ಫಾರಂಗೆ ಇದಾವುದೂ ಗೊತ್ತಿರುವುದಿಲ್ಲ. ಆದ್ದರಿಂದ ಇಲ್ಲಿ ಗುಂಡಿ ಒತ್ತುವ ವಿಧಾನಕ್ಕಿಂತ, ಒತ್ತುವ ಮೊದಲಿನ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ.

ಇಲ್ಲಿನ ಅಂಕಿಗಳು 2025ರ ಏಪ್ರಿಲ್ 1ರಿಂದ 2026ರ ಮಾರ್ಚ್ 31ರವರೆಗಿನ ಆದಾಯಕ್ಕೆ, 60 ವರ್ಷದೊಳಗಿನವರಿಗೆ ಸಂಬಂಧಿಸಿದವು. ಆದಾಯ ತೆರಿಗೆ ಇಲಾಖೆಯ ಪೋರ್ಟಲ್‌ನಲ್ಲಿ ಇದಕ್ಕೆ ‘ಅಸೆಸ್‌ಮೆಂಟ್ ವರ್ಷ 2026-27’ ಎಂದು ಆರಿಸಬೇಕು. 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆ ಜಾರಿಗೆ ಬಂದು ‘ತೆರಿಗೆ ವರ್ಷ’ ಎಂಬ ಹೊಸ ಮಾತು ಚಾಲ್ತಿಗೆ ಬಂದಿದೆ. ಆದರೆ ಅದಕ್ಕೂ ಹಿಂದಿನ ಈ ಆದಾಯಕ್ಕೆ 1961ರ ಕಾಯ್ದೆಯೇ ಅನ್ವಯ.

ಯಾರು ಸಲ್ಲಿಸಬೇಕು

ತೆರಿಗೆ ಲೆಕ್ಕಕ್ಕೆ ಎರಡು ಪದ್ಧತಿಗಳಿವೆ: ಎಲ್‌ಐಸಿ, ಮನೆ ಸಾಲದಂಥ ಕಡಿತಗಳು ಸಿಗುವ ಹಳೆಯದು, ಅವು ಹೆಚ್ಚಾಗಿ ಇಲ್ಲದೆ ದರ ಕಡಿಮೆಯಿರುವ ಹೊಸದು. ಹೊಸ ಪದ್ಧತಿಯಲ್ಲಿ 4 ಲಕ್ಷ, ಹಳೆ ಪದ್ಧತಿಯಲ್ಲಿ 2.5 ಲಕ್ಷ ರೂಪಾಯಿ ಮೀರಿದ ಆದಾಯವಿದ್ದರೆ ರಿಟರ್ನ್ಸ್ ಕಡ್ಡಾಯ. ಹೊಸ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎಂಬ ಸುದ್ದಿ ಓದಿ ‘ಹಾಗಾದರೆ ನನಗೇಕೆ’ ಎಂದು ಸುಮ್ಮನಿರುವವರು ಬಹಳ. ಆ 12 ಲಕ್ಷ ರಿಯಾಯಿತಿಯ ಮಿತಿ, ಸಲ್ಲಿಕೆಯ ಮಿತಿಯಲ್ಲ. ತೆರಿಗೆ ಸೊನ್ನೆ ಎಂಬುದನ್ನು ರಿಟರ್ನ್ಸ್ ಮೂಲಕವೇ ತೋರಿಸಬೇಕು.

ಆದಾಯ ಸಲ್ಲಿಕೆಯ ಮಿತಿಗಿಂತ ಕಡಿಮೆಯಿದ್ದರೂ ಕೆಲವು ಸಂದರ್ಭಗಳಲ್ಲಿ ಸಲ್ಲಿಸಲೇಬೇಕು: ವರ್ಷದ ಟಿಡಿಎಸ್ (ಹಣ ಕೊಡುವವರು ಮೊದಲೇ ಮುರಿದು ಸರ್ಕಾರಕ್ಕೆ ಕಟ್ಟುವ ತೆರಿಗೆ) 25,000 ರೂಪಾಯಿ ಅಥವಾ ಹೆಚ್ಚಿದ್ದರೆ, ವಿದ್ಯುತ್ ಬಿಲ್ ಒಂದು ಲಕ್ಷ ದಾಟಿದ್ದರೆ, ವಿದೇಶ ಪ್ರವಾಸಕ್ಕೆ ಎರಡು ಲಕ್ಷಕ್ಕಿಂತ ಹೆಚ್ಚು ಖರ್ಚಾಗಿದ್ದರೆ, ಉಳಿತಾಯ ಖಾತೆಗಳಿಗೆ 50 ಲಕ್ಷ ಅಥವಾ ಹೆಚ್ಚು ಜಮೆಯಾಗಿದ್ದರೆ. ಇದಾವುದೂ ಇಲ್ಲದಿದ್ದರೂ, ಕಡಿತವಾದ ಟಿಡಿಎಸ್ ವಾಪಸ್ ಬೇಕೆಂದರೆ ರಿಟರ್ನ್ಸ್ ಬಿಟ್ಟು ಬೇರೆ ದಾರಿ ಇಲ್ಲ. ಮನೆ ಸಾಲಕ್ಕೆ ಬ್ಯಾಂಕಿಗೆ ಹೋದಾಗ ಹಿಂದಿನ ವರ್ಷಗಳ ಐಟಿಆರ್ ಕೇಳುತ್ತಾರೆ ಎಂಬುದೂ ನೆನಪಿರಲಿ.

ನಮ್ಮಲ್ಲಿ ಇನ್ನೊಂದು ಹೆದರಿಕೆ ಇದೆ: ರಿಟರ್ನ್ಸ್ ಹಾಕಿದರೆ ಗೃಹಲಕ್ಷ್ಮಿ ಹಣ, ಬಿಪಿಎಲ್ ಕಾರ್ಡು, ಪಿಎಂ ಕಿಸಾನ್ ಕಂತು ಎಲ್ಲವೂ ಹೋಗುತ್ತವೆ ಎಂದು. ಪಿಎಂ ಕಿಸಾನ್ ನಿಯಮ ಹೊರಗಿಡುವುದು ಹಿಂದಿನ ಅಸೆಸ್‌ಮೆಂಟ್ ವರ್ಷದಲ್ಲಿ ಆದಾಯ ತೆರಿಗೆ ಕಟ್ಟಿದವರನ್ನು. ಗೃಹಲಕ್ಷ್ಮಿಯಲ್ಲಿಯೂ ಯಜಮಾನಿ ಅಥವಾ ಪತಿ ಆದಾಯ ತೆರಿಗೆ ಪಾವತಿದಾರರಾಗಿರಬಾರದು ಎಂಬುದೇ ಷರತ್ತು. ತೆರಿಗೆ ಕಟ್ಟುವುದೂ ಸೊನ್ನೆ ತೆರಿಗೆಯ ರಿಟರ್ನ್ಸ್ ಸಲ್ಲಿಸುವುದೂ ಒಂದೇ ಅಲ್ಲ. ಬಿಪಿಎಲ್ ಕಾರ್ಡಿನ ವಾರ್ಷಿಕ ಆದಾಯ ಮಿತಿ 1.20 ಲಕ್ಷ ರೂಪಾಯಿ. ಅದನ್ನು ದಾಟಿದ ಸಂಬಳ ಬರುತ್ತಿದ್ದರೆ ರಿಟರ್ನ್ಸ್ ಹಾಕದೆ ಕುಳಿತ ಮಾತ್ರಕ್ಕೆ ಅದು ಮರೆಯಾಗುವುದಿಲ್ಲ, ಏಕೆಂದರೆ ನಿಮ್ಮ ಪ್ಯಾನ್ ಹೆಸರಿನಲ್ಲಿ ಉದ್ಯೋಗದಾತರೂ ಬ್ಯಾಂಕೂ ಆಗಲೇ ವರದಿ ಕಳಿಸಿರುತ್ತವೆ.

ಮೊದಲು ಹೆಸರು, ಮೊಬೈಲ್, ಖಾತೆ

ಪ್ಯಾನ್ ಮತ್ತು ಆಧಾರ್ ಜೋಡಣೆಯಾಗಿದೆಯೇ ನೋಡಿ. ಆಗಿಲ್ಲದಿದ್ದರೆ ಪ್ಯಾನ್ ನಿಷ್ಕ್ರಿಯವಾಗಿರಬಹುದು. ತಡವಾದ ಜೋಡಣೆಗೆ 1,000 ರೂಪಾಯಿ ಶುಲ್ಕವಿದೆ, ಪ್ಯಾನ್ ಸಕ್ರಿಯವಾಗುವವರೆಗೆ ರೀಫಂಡ್ ಬರುವುದಿಲ್ಲ. ಇಲ್ಲಿ ಕಾಡುವುದು ಇನಿಷಿಯಲ್. ನಾವು ಊರಿನ ಹೆಸರು, ತಂದೆಯ ಹೆಸರು ಎರಡನ್ನೂ ಒಂದೊಂದು ಅಕ್ಷರವಾಗಿ ಹಿಂದೆಯೋ ಮುಂದೆಯೋ ಇಟ್ಟುಕೊಂಡವರು. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಇನ್ನೊಂದು, ಪ್ಯಾನ್‌ನಲ್ಲಿ ಆ ಅಕ್ಷರಗಳು ಬಿಡಿಸಿಕೊಂಡು ಮೂರನೆಯದು. ಹೆಸರು ತಾಳೆಯಾಗದೆ ಜೋಡಣೆ ನಿಂತಿದ್ದರೆ ಯಾವುದಾದರೂ ಒಂದನ್ನು ತಿದ್ದಿಸಿಕೊಳ್ಳಿ. ಇದಕ್ಕೆ ವಾರಗಳೇ ಹಿಡಿಯಬಹುದಾದ್ದರಿಂದ ಜುಲೈ ಕೊನೆಗೆ ಇಟ್ಟುಕೊಳ್ಳಬೇಡಿ. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ನಿಮ್ಮ ಕೈಯಲ್ಲಿರುವ ಸಿಮ್‌ನದೇ ಎಂಬುದನ್ನೂ ನೋಡಿಕೊಳ್ಳಿ, ಕೊನೆಯ ಒಟಿಪಿ ಬರುವುದು ಅದಕ್ಕೇ.

ಬ್ಯಾಂಕ್ ಖಾತೆಯ ಐಎಫ್‌ಎಸ್‌ಸಿಯನ್ನು ಹಳೆಯ ಪಾಸ್‌ಬುಕ್ ನೋಡಿ ಬರೆಯಬೇಡಿ. ಸ್ಟೇಟ್ ಬ್ಯಾಂಕ್ ಆಫ್ ಮೈಸೂರು 2017ರಲ್ಲಿ ಎಸ್‌ಬಿಐಗೆ, ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ, ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಬ್ಯಾಂಕಿಗೆ ಸೇರಿದವು. 2025ರ ಮೇ ತಿಂಗಳಲ್ಲಿ ರಾಜ್ಯದ ಎರಡು ಗ್ರಾಮೀಣ ಬ್ಯಾಂಕುಗಳೂ ಒಂದಾದವು. ರೀಫಂಡ್ ಬರಬೇಕಾದ ಖಾತೆಯನ್ನು ಪೋರ್ಟಲ್‌ನಲ್ಲಿ ಮೊದಲೇ ಸೇರಿಸಿ ದೃಢೀಕರಿಸಿಕೊಳ್ಳಬೇಕು.

ಖಾತೆ ತೆರೆಯುವುದು ಸುಲಭ: ಇನ್‌ಕಮ್‌ಟ್ಯಾಕ್ಸ್ ಡಾಟ್ ಜಿಒವಿ ಡಾಟ್ ಇನ್ ತಾಣದಲ್ಲಿ ಪ್ಯಾನ್ ಸಂಖ್ಯೆಯೇ ಬಳಕೆದಾರರ ಹೆಸರು. ಇಲ್ಲಿ ಮಾತ್ರ ಹಠ ಹಿಡಿಯಿರಿ. ಸೈಬರ್ ಅಂಗಡಿಯವರೋ ಏಜೆಂಟರೋ ನೋಂದಣಿ ಮಾಡಿಕೊಟ್ಟರೂ ಮೊಬೈಲ್ ಸಂಖ್ಯೆ ಮತ್ತು ಇಮೇಲ್ ನಿಮ್ಮದೇ ಇರಬೇಕು. ಅವರ ಇಮೇಲ್ ಹಾಕಿದರೆ ಇಲಾಖೆಯ ನೋಟಿಸ್ ಅವರ ಡಬ್ಬಿಗೆ ಹೋಗಿ ಬೀಳುತ್ತದೆ. ನಿಮಗೆ ತಿಳಿಯುವ ಹೊತ್ತಿಗೆ ಉತ್ತರಿಸುವ ಗಡುವು ಮುಗಿದಿರುತ್ತದೆ.

ಮೂರು ಕಾಗದಗಳನ್ನು ಎದುರು ಬದುರು ಇಡಿ

ಒಂದು, ಫಾರಂ 16. ಇದನ್ನು ಉದ್ಯೋಗದಾತರು ಜೂನ್ 15ರೊಳಗೆ ಕೊಡಬೇಕು. ಎರಡು, ಫಾರಂ 26ಎಎಸ್: ನಿಮ್ಮ ಪ್ಯಾನ್‌ಗೆ ಜಮೆಯಾದ ಟಿಡಿಎಸ್ ಪಟ್ಟಿ. ಮೂರು, ಎಐಎಸ್ ಎಂಬ ವಾರ್ಷಿಕ ಮಾಹಿತಿ ಪಟ್ಟಿ: ಸಂಬಳ, ಬಡ್ಡಿ, ಡಿವಿಡೆಂಡ್, ಷೇರು ವ್ಯವಹಾರ, ದೊಡ್ಡ ನಗದು ಜಮೆ, ಆಸ್ತಿ ಖರೀದಿ ಎಲ್ಲವೂ ಅದರಲ್ಲಿರುತ್ತವೆ. ಎರಡನೆಯದೂ ಮೂರನೆಯದೂ ಪೋರ್ಟಲ್‌ನಲ್ಲೇ ಸಿಗುತ್ತವೆ. ಎಐಎಸ್ ಪಿಡಿಎಫ್‌ನ ಪಾಸ್‌ವರ್ಡ್: ಪ್ಯಾನ್ ಸಣ್ಣ ಅಕ್ಷರಗಳಲ್ಲಿ, ಅದಕ್ಕಂಟಿಕೊಂಡು ಹುಟ್ಟಿದ ದಿನ, ತಿಂಗಳು, ವರ್ಷ ಎಂಟು ಅಂಕಿಗಳಲ್ಲಿ.

ಏಪ್ರಿಲ್‌ನಲ್ಲೇ ಅವಸರ ಮಾಡಬೇಡಿ. ಜನವರಿಯಿಂದ ಮಾರ್ಚ್‌ವರೆಗಿನ ಟಿಡಿಎಸ್ ವಿವರ ಕೊಡಲು ಉದ್ಯೋಗದಾತರಿಗೆ ಮೇ 31ರವರೆಗೆ ಸಮಯವಿರುತ್ತದೆ. ಜೂನ್ ಮಧ್ಯದವರೆಗೆ ಎಐಎಸ್ ಅರೆಬರೆಯಾಗಿರುತ್ತದೆ.

ಈಗ ಸಾಲು ಸಾಲಾಗಿ ತಾಳೆ ನೋಡಿ. ಫಾರಂ 16ರಲ್ಲಿ ಕಡಿತವಾಗಿದೆ ಎಂದಿರುವ ತೆರಿಗೆ 26ಎಎಸ್‌ನಲ್ಲಿ ಕಾಣದಿದ್ದರೆ, ನಿಮ್ಮ ಸಂಬಳದಿಂದ ಮುರಿದ ಹಣ ಸರ್ಕಾರಕ್ಕೆ ತಲುಪಿಲ್ಲ ಅಥವಾ ಪ್ಯಾನ್ ತಪ್ಪಾಗಿ ನಮೂದಾಗಿದೆ ಎಂದರ್ಥ. ರಿಟರ್ನ್ಸ್ ಹಾಕುವ ಮೊದಲು ಲೆಕ್ಕಪತ್ರ ವಿಭಾಗಕ್ಕೆ ಹೋಗಿ ಸರಿಪಡಿಸಿಕೊಳ್ಳಿ.

26ಎಎಸ್‌ನಲ್ಲಿ ಸೆಕ್ಷನ್ ಎಂಬ ಕಾಲಂ ಇದೆ. 192 ಎಂದಿದ್ದರೆ ಅದು ಸಂಬಳ. 194ಜೆ ಎಂದಿದ್ದರೆ ನಿಮ್ಮ ಸಂಸ್ಥೆ ನಿಮಗೆ ಕೊಟ್ಟಿದ್ದನ್ನು ಸಂಬಳವೆಂದಲ್ಲ, ವೃತ್ತಿ ಶುಲ್ಕವೆಂದು ತೋರಿಸಿದೆ. ಗುತ್ತಿಗೆಯ ಮೇಲೆ ದುಡಿಯುವ ವೈದ್ಯರು, ಅರೆಕಾಲಿಕ ಉಪನ್ಯಾಸಕರು ಈ ಕಾಲಂ ನೋಡದೆ ಮುಂದೆ ಹೋಗಬಾರದು, ಏಕೆಂದರೆ ವೃತ್ತಿ ಆದಾಯ ಐಟಿಆರ್-1ರಲ್ಲಿ ಹಿಡಿಸುವುದಿಲ್ಲ. ವೈದ್ಯ, ಎಂಜಿನಿಯರ್, ವಕೀಲರಂಥವರಿಗೆ ಅರ್ಧ ಆದಾಯವನ್ನು ಲಾಭವೆಂದು ಘೋಷಿಸುವ ಸರಳ ದಾರಿ ಐಟಿಆರ್-4ರಲ್ಲಿದೆ. ಸಣ್ಣ ಅಂಗಡಿ, ಹೋಟೆಲು ನಡೆಸುವವರ ಅಂದಾಜು ಲಾಭದ ಲೆಕ್ಕಕ್ಕೂ ಅದೇ ಫಾರಂ.

ವರ್ಷದ ನಡುವೆ ಕೆಲಸ ಬದಲಿಸಿದವರಿಗೆ ಒಂದು ಎಚ್ಚರಿಕೆ. ಬೆಂಗಳೂರಿನಲ್ಲಿ ಅರ್ಧ ವರ್ಷ ದುಡಿದು 7 ಲಕ್ಷ, ಊರಿಗೆ ಬಂದು ಉಳಿದರ್ಧದಲ್ಲಿ 7 ಲಕ್ಷ ಪಡೆದಿರಿ ಎನ್ನೋಣ. ಹಿಂದಿನ ಸಂಬಳವನ್ನು ಹೊಸ ಕಚೇರಿಗೆ ತಿಳಿಸದಿದ್ದರೆ ಇಬ್ಬರೂ 12 ಲಕ್ಷದ ಒಳಗೆಂದು ಒಂದು ರೂಪಾಯಿಯನ್ನೂ ಹಿಡಿದಿರುವುದಿಲ್ಲ. ಎರಡನ್ನೂ ಕೂಡಿಸಿ, ಸಂಬಳದಾರರೆಲ್ಲರಿಗೂ ಸಿಗುವ 75,000 ರೂಪಾಯಿಯ ಪ್ರಮಾಣಿತ ಕಡಿತವನ್ನು ಒಂದೇ ಸಲ ಕಳೆದರೆ ಆದಾಯ 13.25 ಲಕ್ಷ. ತೆರಿಗೆಯ ಮೇಲಿನ ಶೇ 4 ಸೆಸ್ ಸೇರಿ ತೆರಿಗೆ 81,900 ರೂಪಾಯಿ, ಮೇಲೆ ಬಡ್ಡಿ. ಜುಲೈನಲ್ಲಿ ಈ ಮೊತ್ತ ಕಂಡು ಪೋರ್ಟಲ್ ತಪ್ಪು ಎನ್ನುವವರೇ ಹೆಚ್ಚು.

ಬಡ್ಡಿಯನ್ನು ಎಲ್ಲರೂ ಮರೆಯುತ್ತಾರೆ. ಉಳಿತಾಯ ಖಾತೆಯ ಬಡ್ಡಿಯೂ ಠೇವಣಿಯ ಬಡ್ಡಿಯೂ ಆದಾಯವೇ. ಬ್ಯಾಂಕು ವರ್ಷಕ್ಕೆ 50,000 ರೂಪಾಯಿ ದಾಟಿದ ಠೇವಣಿ ಬಡ್ಡಿಗೆ ಮಾತ್ರ ಟಿಡಿಎಸ್ ಹಿಡಿಯುತ್ತದೆ, ಹಿಡಿಯಲಿಲ್ಲ ಎಂದರೆ ತೆರಿಗೆ ಇಲ್ಲ ಎಂದಲ್ಲ. ಸಣ್ಣ ಪತ್ತಿನ ಸಹಕಾರ ಸಂಘಗಳ ಬಡ್ಡಿ ಎಐಎಸ್‌ನಲ್ಲಿ ಕಾಣದೇ ಹೋಗಬಹುದು. ಸಂಘದಿಂದ ಬಡ್ಡಿ ಪ್ರಮಾಣಪತ್ರ ಪಡೆದು ನೀವೇ ಸೇರಿಸಿ. ಅಡಿಕೆ ಮಾರಿದ ಹಣವನ್ನು ಠೇವಣಿ ಇಟ್ಟರೆ ಆ ಹಣ ಕೃಷಿ ಆದಾಯ, ಅದರ ಬಡ್ಡಿ ಅಲ್ಲ.

ತೋಟದ ಲೆಕ್ಕ

ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ. ಇದನ್ನು ಎಲ್ಲರೂ ಬಲ್ಲರು. ತೆರಿಗೆ ಇಲ್ಲದಿದ್ದರೂ ತೋರಿಸಬೇಕು ಎಂಬುದು ಅಷ್ಟಾಗಿ ಗೊತ್ತಿಲ್ಲ. ಕೃಷಿ ಆದಾಯ ವರ್ಷಕ್ಕೆ 5,000 ರೂಪಾಯಿ ಮೀರಿದರೆ ಐಟಿಆರ್-1 ಬಳಸುವಂತಿಲ್ಲ. ಸಂಬಳದಾರರು ಐಟಿಆರ್-2ಕ್ಕೆ ಹೋಗಬೇಕು. ಎರಡು ಎಕರೆ ಅಡಿಕೆಗೆ 5,000 ಎಂದರೆ ಯಾವ ಲೆಕ್ಕ? ಅಂದರೆ ತೋಟ ನಿಮ್ಮದಾಗಿದ್ದರೆ ಐಟಿಆರ್-2 ಎಂದೇ ತಿಳಿಯಿರಿ.

ತೋಟ ಯಾರದು ಎಂಬುದು ಮೊದಲ ಪ್ರಶ್ನೆ. ಪಹಣಿ ತಂದೆಯ ಹೆಸರಿನಲ್ಲಿದ್ದು, ಸಾಗುವಳಿ ಅವರದ್ದು, ಮಾರಿದ ಹಣ ಅವರ ಖಾತೆಗೇ ಹೋಗುತ್ತಿದ್ದರೆ ಅದು ನಿಮ್ಮ ಆದಾಯವಲ್ಲ. ಭಾನುವಾರ ಹೋಗಿ ನೀರು ಬಿಟ್ಟು ಬಂದ ಮಾತ್ರಕ್ಕೆ ನಿಮ್ಮ ರಿಟರ್ನ್ಸ್‌ಗೆ ಸೇರುವುದಿಲ್ಲ. ಅವಿಭಕ್ತ ಕುಟುಂಬದ ಜಮೀನಾದರೆ ಕುಟುಂಬಕ್ಕೇ ಬೇರೆ ಲೆಕ್ಕ. ಭಾಗವಾಗಿ ನಿಮ್ಮ ಹೆಸರಿಗೆ ಖಾತೆ ಬದಲಾಗಿದ್ದರೆ ನಿಮ್ಮದು.

ಯಾವುದು ಕೃಷಿ ಎಂಬುದು ಎರಡನೆಯದು. ನಿಮ್ಮ ತೋಟದ ಅಡಿಕೆ ಸುಲಿದು, ಬೇಯಿಸಿ, ಒಣಗಿಸಿ ಮಾರಿದರೆ ಅದು ಕೃಷಿಯೇ, ಬೆಳೆಗಾರ ಮಾರುಕಟ್ಟೆಗೆ ಒಯ್ಯಲು ಮಾಡುವ ಎಂದಿನ ಕೆಲಸ ಅದು. ಅಕ್ಕಪಕ್ಕದವರ ಹಸಿ ಅಡಿಕೆ ಕೊಂಡು ಒಣಗಿಸಿ ಮಾರಿದರೆ ಅದು ವ್ಯಾಪಾರ. ಜಮೀನನ್ನು ಸಾಗುವಳಿಗೆ ಗುತ್ತಿಗೆ ಕೊಟ್ಟು ಬರುವ ಹಣ ಕೃಷಿ ಆದಾಯ. ಹೈನು, ಕೋಳಿ, ಕುರಿ ಸಾಕಣೆಯ ಆದಾಯ ಕೃಷಿಯಲ್ಲ. ಚಳ್ಳಕೆರೆ, ಹಿರಿಯೂರು ಕಡೆ ಕುರಿ ಮಂದೆ ಇರುವ ಮನೆಯವರು ಇದನ್ನು ಗಮನಿಸಬೇಕು.

ಬಂದ ಹಣದಿಂದ ಗೊಬ್ಬರ, ಕೂಲಿ, ಕೊಯ್ಲು, ಸಾಗಣೆ ವೆಚ್ಚ ಕಳೆದ ಉಳಿಕೆಯೇ ನಿವ್ವಳ ಕೃಷಿ ಆದಾಯ. ಐಟಿಆರ್-2ರ ವಿನಾಯಿತಿ ಆದಾಯದ ಪಟ್ಟಿಯಲ್ಲಿ ಒಟ್ಟು ಬಂದದ್ದು, ಖರ್ಚು, ಉಳಿಕೆ ಮೂರನ್ನೂ ಬರೆಯಬೇಕು. ಉಳಿಕೆ 5 ಲಕ್ಷ ಮೀರಿದರೆ ಜಿಲ್ಲೆ, ಪಿನ್‌ಕೋಡ್, ಜಮೀನಿನ ಅಳತೆ, ಸ್ವಂತದ್ದೋ ಗುತ್ತಿಗೆಯೋ, ನೀರಾವರಿಯೋ ಮಳೆಯಾಶ್ರಿತವೋ ಎಲ್ಲವನ್ನೂ ಕೇಳುತ್ತದೆ. ಆದ್ದರಿಂದ ಎಪಿಎಂಸಿ ದಲ್ಲಾಳಿಯಿಂದಾಗಲಿ ಅಡಿಕೆ ಸಹಕಾರ ಸಂಘದಿಂದಾಗಲಿ ಲೆಕ್ಕಕ್ಕೆ ಸಿಗುವ ಬಿಲ್ಲನ್ನೇ ಪಡೆಯಿರಿ. ಬಿಳಿ ಚೀಟಿ ನಾಳೆ ನಿಮ್ಮ ಪರವಾಗಿ ಸಾಕ್ಷಿ ಹೇಳುವುದಿಲ್ಲ. ಉಳಿತಾಯ ಖಾತೆಗಳಿಗೆ ವರ್ಷದಲ್ಲಿ 10 ಲಕ್ಷ ಅಥವಾ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಇಲಾಖೆಗೆ ವರದಿ ಕಳಿಸುತ್ತದೆ. ಆ ಹಣ ಅಡಿಕೆಯದು ಎಂದು ತೋರಿಸಬೇಕಾದವರು ನೀವು.

ಇನ್ನು ತೆರಿಗೆ. ಕೃಷಿ ಆದಾಯಕ್ಕೆ ನೇರ ತೆರಿಗೆ ಇಲ್ಲ, ಆದರೆ ಸಂಬಳದ ತೆರಿಗೆ ದರ ನಿರ್ಧರಿಸಲು ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಕ್ರಮ ಹೀಗಿದೆ: ಸಂಬಳ ಮತ್ತು ಕೃಷಿ ಆದಾಯ ಕೂಡಿಸಿ ಒಂದು ತೆರಿಗೆ ಹಾಕಿ. 4 ಲಕ್ಷದ ಮೂಲ ಮಿತಿಗೆ ಕೃಷಿ ಆದಾಯ ಕೂಡಿಸಿ ಇನ್ನೊಂದು ತೆರಿಗೆ ಹಾಕಿ. ಮೊದಲನೆಯದರಿಂದ ಎರಡನೆಯದನ್ನು ಕಳೆಯಿರಿ.

ಹೊಸ ಪದ್ಧತಿಯ ದರಗಳು: 4 ಲಕ್ಷದವರೆಗೆ ಇಲ್ಲ, 4ರಿಂದ 8 ಲಕ್ಷಕ್ಕೆ ಶೇ 5, 8ರಿಂದ 12ಕ್ಕೆ ಶೇ 10, 12ರಿಂದ 16ಕ್ಕೆ ಶೇ 15, 16ರಿಂದ 20ಕ್ಕೆ ಶೇ 20, 20ರಿಂದ 24ಕ್ಕೆ ಶೇ 25, ಅದರ ಮೇಲೆ ಶೇ 30.

ಸಂಬಳದ ಆದಾಯ 6 ಲಕ್ಷ, ಕೃಷಿಯ ಉಳಿಕೆ 3 ಲಕ್ಷ ಇದ್ದರೆ 9 ಲಕ್ಷಕ್ಕೆ ತೆರಿಗೆ 30,000. 4 ಮತ್ತು 3 ಸೇರಿ 7 ಲಕ್ಷಕ್ಕೆ 15,000. ಉಳಿದ 15,000ವನ್ನು, 12 ಲಕ್ಷದವರೆಗಿನ ಆದಾಯಕ್ಕೆ ಸಿಗುವ 60,000ದವರೆಗಿನ ರಿಯಾಯಿತಿ ನುಂಗಿಹಾಕುತ್ತದೆ. ಕಟ್ಟಬೇಕಾದ್ದು ಸೊನ್ನೆ. ನಮ್ಮ ಎರಡು ಜಿಲ್ಲೆಗಳಲ್ಲಿ ಹೊಸದಾಗಿ ಸಲ್ಲಿಸುವ ಬಹುಪಾಲು ಜನ ಈ ಗುಂಪಿನವರೇ ಇರಬೇಕು.

ಈಗ ಇನ್ನೊಂದು. ಪ್ರಮಾಣಿತ ಕಡಿತದ ನಂತರ ಸಂಬಳ 11 ಲಕ್ಷ, ಕೃಷಿ 4 ಲಕ್ಷ. 15 ಲಕ್ಷಕ್ಕೆ ತೆರಿಗೆ 1,05,000, 8 ಲಕ್ಷಕ್ಕೆ 20,000, ವ್ಯತ್ಯಾಸ 85,000. ರಿಯಾಯಿತಿ 60,000 ಕಳೆದರೆ 25,000 ಉಳಿಯಿತು. ಶೇ 4 ಸೆಸ್ ಸೇರಿ 26,000 ರೂಪಾಯಿ. ‘12 ಲಕ್ಷದವರೆಗೆ ತೆರಿಗೆ ಇಲ್ಲವಲ್ಲ’ ಎಂದರೆ, ತೋಟ ಇಲ್ಲದವರಿಗೆ ಇಲ್ಲ. ಐಟಿಆರ್-1ರಲ್ಲಿ ತೋಟ ಮುಚ್ಚಿಟ್ಟರೆ ಸೊನ್ನೆ ಬರುತ್ತದೆ ನಿಜ, ಆದರೆ ಅದು ಸುಳ್ಳು ರಿಟರ್ನ್ಸ್. ತಪ್ಪು ಮಾಹಿತಿ ಕೊಟ್ಟು ಆದಾಯ ಮರೆಮಾಚಿದರೆ ದಂಡ, ತಪ್ಪಿಸಿದ ತೆರಿಗೆಯ ಶೇ 200ರಷ್ಟು.

ಹಳೆಯದೋ ಹೊಸದೋ

ಈ ಚರ್ಚೆಗೆ ಸಿಗುವ ಮಹತ್ವ ಅತಿಯಾಯಿತು. ಸಂಬಳ 12.75 ಲಕ್ಷದೊಳಗಿದ್ದು, ಬೇರೆ ಆದಾಯ ಇಲ್ಲದಿದ್ದರೆ ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಹಳೆಯದರಲ್ಲಿ ಎಲ್‌ಐಸಿ, ಪಿಎಫ್ ಎಲ್ಲ ಕೂಡಿಸಿ ಸೊನ್ನೆಗಿಂತ ಕೆಳಗೆ ಹೋಗಲು ಸಾಧ್ಯವಿಲ್ಲ. ಅದಕ್ಕಿಂತ ಮೇಲಿದ್ದು ಮನೆ ಸಾಲದ ಬಡ್ಡಿ, ಬಾಡಿಗೆ ಭತ್ಯೆ, 1.5 ಲಕ್ಷದ ಉಳಿತಾಯ ಎಲ್ಲ ಇರುವವರು ಮಾತ್ರ ಎರಡನ್ನೂ ಹಾಕಿ ನೋಡಲಿ. ಹಳೆಯದನ್ನು ಆರಿಸುವುದಾದರೆ ಗಡುವಿನೊಳಗೆ ಸಲ್ಲಿಸಬೇಕು, ತಡವಾದರೆ ಹೊಸದೇ ಗತಿ. ಷೇರು ಮಾರಾಟದ ಲಾಭಕ್ಕೆ ಈ 60,000ದ ರಿಯಾಯಿತಿ ಸಿಗುವುದಿಲ್ಲ. ಮೊಬೈಲ್ ಆ್ಯಪ್‌ನಲ್ಲಿ ಷೇರು ಕೊಂಡು ಮಾರುವವರು ಇದನ್ನು ಬರೆದಿಟ್ಟುಕೊಳ್ಳಲಿ. ಫ್ಯೂಚರ್ಸ್, ಆಪ್ಷನ್ಸ್ ಆಡಿದವರಿಗೆ ಐಟಿಆರ್-3 ಬೇಕು. ಅವರು ಚಾರ್ಟರ್ಡ್ ಅಕೌಂಟೆಂಟ್ ಬಳಿ ಹೋಗುವುದೇ ಒಳಿತು.

ಪೋರ್ಟಲ್‌ನಲ್ಲಿ

ಲಾಗಿನ್ ಆಗಿ ಇ-ಫೈಲ್, ಅಲ್ಲಿಂದ ಇನ್‌ಕಮ್ ಟ್ಯಾಕ್ಸ್ ರಿಟರ್ನ್ಸ್, ಅಲ್ಲಿಂದ ಫೈಲ್ ಎಂಬಲ್ಲಿಗೆ ಹೋಗಿ. ಅಸೆಸ್‌ಮೆಂಟ್ ವರ್ಷ 2026-27, ಆನ್‌ಲೈನ್ ವಿಧಾನ, ವ್ಯಕ್ತಿ, ಆಮೇಲೆ ಫಾರಂ ಸಂಖ್ಯೆ. ಏಕೆ ಸಲ್ಲಿಸುತ್ತಿದ್ದೀರಿ ಎಂದು ಕೇಳುತ್ತದೆ, ಆದಾಯ ಮೂಲ ಮಿತಿ ದಾಟಿದೆ ಎಂಬ ಉತ್ತರ ಹೆಚ್ಚಿನವರಿಗೆ ಸರಿ.

ವೈಯಕ್ತಿಕ ಮಾಹಿತಿಯ ಪುಟದಲ್ಲಿ ಒಂದು ತಿರುವು ಪ್ರಶ್ನೆ ಇದೆ: ಹೊಸ ಪದ್ಧತಿಯಿಂದ ಹೊರಗೆ ಹೋಗಲು ಬಯಸುತ್ತೀರಾ? ಹೊಸದೇ ಬೇಕಿದ್ದರೆ ‘ಇಲ್ಲ’ ಎನ್ನಬೇಕು. ಹೊಸ ಪದ್ಧತಿ ಬೇಕು ಎಂದುಕೊಂಡು ‘ಹೌದು’ ಒತ್ತಿದರೆ ಹಳೆಯದಕ್ಕೆ ಹೋಗಿರುತ್ತೀರಿ.

ಮುಂದೆ ಒಂದೊಂದು ಪಟ್ಟಿಯನ್ನೂ ತೆರೆದು, ತುಂಬಿರುವ ಅಂಕಿಯನ್ನು ನಿಮ್ಮ ಮೂರು ಕಾಗದಗಳ ಜೊತೆ ತಾಳೆ ನೋಡಿ ಖಚಿತಪಡಿಸಿ. ಬಡ್ಡಿ ಸೇರಿಸಿ. ಐಟಿಆರ್-2ರಲ್ಲಿ ವಿನಾಯಿತಿ ಆದಾಯದ ಪಟ್ಟಿಯನ್ನು ನೀವೇ ಆರಿಸಿ ತೆರೆಯಬೇಕು, ಇಲ್ಲದಿದ್ದರೆ ಕೃಷಿಯ ಜಾಗವೇ ಕಣ್ಣಿಗೆ ಬೀಳುವುದಿಲ್ಲ. ತೆರಿಗೆ ಬಾಕಿ ಬಂದರೆ ಇ-ಪೇ ಟ್ಯಾಕ್ಸ್‌ನಲ್ಲಿ ಸ್ವಯಂ ನಿರ್ಧರಣಾ ತೆರಿಗೆ ಎಂದು ಕಟ್ಟಿ, ಚಲನ್ ವಿವರ ರಿಟರ್ನ್ಸ್‌ನಲ್ಲಿ ಬಂದಿದೆಯೇ ನೋಡಿ, ಆಮೇಲೆ ಸಲ್ಲಿಸಿ.

ಸಲ್ಲಿಸಿದರೆ ಮುಗಿಯಲಿಲ್ಲ. 30 ದಿನಗಳೊಳಗೆ ಆಧಾರ್ ಒಟಿಪಿ ಅಥವಾ ನೆಟ್ ಬ್ಯಾಂಕಿಂಗ್ ಮೂಲಕ ದೃಢೀಕರಿಸಬೇಕು. ಒಟಿಪಿ ಬರದಿದ್ದರೆ ಐಟಿಆರ್-ವಿ ಎಂಬ ಸ್ವೀಕೃತಿ ಮುದ್ರಿಸಿ, ಸಹಿ ಮಾಡಿ, ಬೆಂಗಳೂರು 560500ರಲ್ಲಿರುವ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರಕ್ಕೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಬಹುದು. ದೇಶದೆಲ್ಲೆಡೆಯ ಇಂಥ ಸ್ವೀಕೃತಿಗಳು ಬಂದು ಸೇರುವುದು ಅಲ್ಲಿಗೇ.

ಗಡುವು ಮತ್ತು ಆಮೇಲೆ

ಐಟಿಆರ್-1 ಮತ್ತು 2ಕ್ಕೆ ಜುಲೈ 31 ಕೊನೆಯ ದಿನ. 2025ರಲ್ಲಿ ಅದನ್ನು ಸೆಪ್ಟೆಂಬರ್ 15ಕ್ಕೂ ಕೊನೆ ಗಳಿಗೆಯಲ್ಲಿ 16ಕ್ಕೂ ಮುಂದೂಡಿದ್ದರು. ಹಾಗೆ ಪ್ರತಿ ವರ್ಷ ಆಗುತ್ತದೆ ಎಂದು ನೆಚ್ಚಬೇಡಿ. ತಪ್ಪಿದರೆ ಡಿಸೆಂಬರ್ 31ರವರೆಗೆ ಶುಲ್ಕದೊಂದಿಗೆ ಅವಕಾಶ: ಆದಾಯ 5 ಲಕ್ಷದವರೆಗೆ 1,000, ಮೀರಿದರೆ 5,000 ರೂಪಾಯಿ. ಬಾಕಿ ತೆರಿಗೆಗೆ ತಿಂಗಳಿಗೆ ಶೇ 1 ಬಡ್ಡಿ ಬೇರೆ.

‘ಐವತ್ತು ಸಾವಿರ ರೀಫಂಡ್ ತೆಗೆಸಿಕೊಡುತ್ತೇನೆ, ಅದರಲ್ಲಿ ನನಗಿಷ್ಟು’ ಎನ್ನುವವರು ಮಂಡಿಪೇಟೆಯಲ್ಲಿ ಸಿಕ್ಕರೂ ಪಿ.ಜೆ. ಬಡಾವಣೆಯಲ್ಲಿ ಸಿಕ್ಕರೂ ದೂರವಿರಿ. ಇಲ್ಲದ ದೇಣಿಗೆ, ಇಲ್ಲದ ಬಾಡಿಗೆ ತೋರಿಸಿ ಪಡೆದ ರೀಫಂಡ್‌ಗಳ ಬೆನ್ನುಹತ್ತಿ ಇಲಾಖೆ 2025ರ ಜುಲೈನಲ್ಲಿ ದೇಶದ ಹಲವೆಡೆ ಶೋಧ ನಡೆಸಿತು. ಏಜೆಂಟ್ ಕಮಿಷನ್ ಪಡೆದು ಹೋಗಿರುತ್ತಾನೆ, ನೋಟಿಸ್ ಬರುವುದು ನಿಮ್ಮ ಪ್ಯಾನ್‌ಗೆ.

ರಿಟರ್ನ್ಸ್ ಸಂಸ್ಕರಣೆಯಾದ ಮೇಲೆ 143(1) ಎಂಬ ತಿಳಿವಳಿಕೆ ಪತ್ರ ಇಮೇಲ್‌ಗೆ ಬರುತ್ತದೆ, ಅದರ ಪಾಸ್‌ವರ್ಡ್ ಎಐಎಸ್‌ನದೇ ರೀತಿ. ಹೆದರುವ ಕಾಗದವಲ್ಲ: ಎಡಗಡೆ ನೀವು ಕೊಟ್ಟ ಲೆಕ್ಕ, ಬಲಗಡೆ ಇಲಾಖೆಯ ಲೆಕ್ಕ. ಕೊನೆಯ ಸಾಲು ಎರಡರಲ್ಲೂ ಒಂದೇ ಇದ್ದರೆ ಕೆಲಸವಾಯಿತು. ಬೇರೆ ಇದ್ದರೆ ಯಾವ ಸಾಲಿನಿಂದ ವ್ಯತ್ಯಾಸ ಶುರುವಾಗಿದೆ ನೋಡಿ. ಹೆಚ್ಚಾಗಿ ಟಿಡಿಎಸ್ ಅಥವಾ ಮರೆತ ಬಡ್ಡಿ ಇರುತ್ತದೆ. 139(9)ರ ಅಡಿ ‘ದೋಷಪೂರಿತ’ ಎಂಬ ನೋಟಿಸ್ ಬಂದರೆ ಮಾತ್ರ ತಡ ಮಾಡಬೇಡಿ. ಫಾರಂ ತಪ್ಪಾಗಿ ಆರಿಸಿದಾಗ ಬರುವ ನೋಟಿಸ್ ಇದು, 15 ದಿನಗಳೊಳಗೆ ತಿದ್ದಿ ಪೋರ್ಟಲ್‌ನಲ್ಲೇ ಉತ್ತರಿಸಬೇಕು. ನೋಟಿಸ್ ಬರುವ ಮೊದಲೇ ತಪ್ಪು ನಿಮ್ಮ ಕಣ್ಣಿಗೆ ಬಿದ್ದರೆ ಪರಿಷ್ಕೃತ ರಿಟರ್ನ್ಸ್ ಹಾಕಿ. ಹೊಸ ಫಾರಂನಲ್ಲಿ ಹಳೆಯ ಸ್ವೀಕೃತಿ ಸಂಖ್ಯೆ ಮತ್ತು ಸಲ್ಲಿಸಿದ ದಿನಾಂಕ ಕೇಳುತ್ತದೆ, ಆದ್ದರಿಂದ ಮೊದಲ ಸಲದ ಐಟಿಆರ್-ವಿ ಪ್ರತಿಯನ್ನು ಅಡಿಕೆಯ ಬಿಲ್ಲು, ಬಡ್ಡಿ ಪ್ರಮಾಣಪತ್ರಗಳ ಜೊತೆ ಒಂದೇ ಫೈಲಿನಲ್ಲಿಡಿ.